ಊಟದ ಹೊತ್ತಿನ ಉಪನ್ಯಾಸ: ಕುರ್ಡಿಯ ಹೊಸ ಕೇಳುಗರಿಗೆ

ಮಧ್ಯಾಹ್ನ ಒಂದಕ್ಕೆ ಶುರುವಾಗಿ ಎರಡರೊಳಗೆ ಮುಗಿಯುವ ಆನ್‌ಲೈನ್ ಉಪನ್ಯಾಸಗಳು ಕೊರೊನಾ ಕಾಲದಲ್ಲಿ ಬೆಳೆದವು, ಆಮೇಲೂ ನಿಲ್ಲಲಿಲ್ಲ. ಕಾಸಿಲ್ಲದೆ ವಿದ್ಯೆ ಹಂಚುವ ಪದ್ಧತಿ ನಮ್ಮಲ್ಲಿ ಹಳೆಯದೇ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಪ್ರಾಧ್ಯಾಪಕರನ್ನು ಹಳ್ಳಿಪಟ್ಟಣಗಳಿಗೆ ಕಳಿಸುತ್ತಿದ್ದವು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಬಸವನಗುಡಿಯಲ್ಲಿ ಜನರನ್ನು ಸೇರಿಸಿತು. ಅಲ್ಲಿಗೆ ಹೋಗಲು ಬೆಂಗಳೂರಿನಲ್ಲಿರಬೇಕಿತ್ತು. ಈಗ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ರೊಟ್ಟಿ ಪುಂಡಿಪಲ್ಲೆ ಮುಂದಿಟ್ಟುಕೊಂಡೇ ಕೇಳಬಹುದು.

ಕೇಳುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ನಡೆದಾಡಿದ ನೆಲ ಇದು. ಪುರಾಣ, ಪ್ರವಚನಗಳಿಗೆ ತಾಸುಗಟ್ಟಲೆ ಕೂತವರ ಮಕ್ಕಳು ನಾವು. ಆದರೆ ಅದೇ ರೂಢಿ ಇಂಥ ಉಪನ್ಯಾಸಗಳಲ್ಲಿ ಒಮ್ಮೊಮ್ಮೆ ಅಡ್ಡ ಬರುತ್ತದೆ. ಪ್ರವಚನದಲ್ಲಿ ಕಥೆ ಮೊದಲೇ ಗೊತ್ತು, ಹೇಳುವ ಸೊಗಸಿಗೆ ತಲೆದೂಗುತ್ತೇವೆ. ಚರಿತ್ರೆ, ವಿಜ್ಞಾನದ ಉಪನ್ಯಾಸದಲ್ಲಿ ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂಬುದಕ್ಕೆ ಬರುವ ಉತ್ತರದಲ್ಲೇ ರಸ. ಅದನ್ನು ಹಿಡಿಯಲು ಕಿವಿಯನ್ನು ಸ್ವಲ್ಪ ಬೇರೆ ತರಹ ಪಳಗಿಸಬೇಕು.

ಮೊದಲು ಆಯ್ಕೆ. ‘ರಾಯಚೂರು ಜಿಲ್ಲೆಯ ಭವ್ಯ ಪರಂಪರೆ’ ಎಂಬ ಹೆಸರಿದ್ದರೆ ಊಟ ಮಾಡಿ ಮಲಗುವುದು ಲೇಸು. ನಲವತ್ತು ನಿಮಿಷದಲ್ಲಿ ಎರಡು ಸಾವಿರ ವರ್ಷ ಓಡಿಸುವವರು ರಾಜರ ಹೆಸರು ಓದಿ ಎದ್ದುಹೋಗುತ್ತಾರೆ. ವಿಷಯ ಒಂದು ಕಲ್ಲು, ಒಂದು ಕೆರೆ, ಒಂದು ಹಕ್ಕಿ ಎಂದಿದ್ದರೆ ಬಿಡಬೇಡಿ. 1868ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ದುಡಿಯುವ ಜನರೆದುರು ನಿಂತು ಬರೀ ಒಂದು ಸೀಮೆಸುಣ್ಣದ ತುಂಡಿನ ಮೇಲೆ ಮಾತಾಡಿದ. ಅದು ಸೂಕ್ಷ್ಮಜೀವಿಗಳ ಚಿಪ್ಪು ಕಡಲಡಿಯಲ್ಲಿ ಕೂಡಿ ಆದದ್ದು ಎಂದು ತೋರಿಸುತ್ತಾ ಭೂಮಿಯ ಚರಿತ್ರೆಗೇ ಹೋದ. ಎರಡು ನದಿಗಳ ನಡುವಿನ ನಮ್ಮ ದೋಆಬಿನಲ್ಲಿ ಅಂಥ ವಸ್ತುಗಳಿಗೆ ಬರವಿಲ್ಲ. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ, ನಲವತ್ತೊಂದು ಅಡಿಗೂ ಉದ್ದದ ಕಲ್ಲೊಂದಿದೆ. ಅಂಥದನ್ನು ಹೇಗೆ ತಂದರೆಂದು ಊಹಿಸಬೇಕಾಗಿಲ್ಲ, ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆಯುವ ಚಿತ್ರವನ್ನು ಗೋಡೆಯಲ್ಲೇ ಕೆತ್ತಿದ್ದಾರೆ. ಈ ಒಂದು ಕಲ್ಲಿನ ಮೇಲೆ ಯಾರಾದರೂ ಒಂದು ಗಂಟೆ ಮಾತಾಡಿದರೆ ನಾನಂತೂ ತಪ್ಪಿಸಿಕೊಳ್ಳುವುದಿಲ್ಲ.

ಪುರಾವೆಯಿಂದ ತೀರ್ಮಾನಕ್ಕೆ ಹೋಗುವ ದಾರಿ ಎಷ್ಟು ರುಚಿಯಾಗಿರಬಲ್ಲದು ಎಂಬುದಕ್ಕೆ ಬೂದಿದಿಬ್ಬಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರಾಯಚೂರು, ಬಳ್ಳಾರಿ, ಸುರಪುರ ಕಡೆ ಹೊಲಗಳ ನಡುವೆ ಬೂದಿಯ ಗುಡ್ಡೆಗಳಿವೆ. ಜ್ವಾಲಾಮುಖಿಯ ಬೂದಿ ಎಂದರು ಕೆಲವರು, ಕಬ್ಬಿಣ ಕರಗಿಸಿದ ಕಿಟ್ಟ ಎಂದರು ಇನ್ನು ಕೆಲವರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಗಣಿ ಎಂದ. ಪ್ರಯೋಗಾಲಯದ ಪರೀಕ್ಷೆಯಿಂದ ಅದು ಖಚಿತವಾದದ್ದು ಮಾತ್ರ 1950ರ ದಶಕದ ಕೊನೆಯ ಹೊತ್ತಿಗೆ, ಜ್ಯೂನರ್ ಎಂಬ ವಿಜ್ಞಾನಿಯಿಂದ. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿ ಅದು, ಸಗಣಿ ಮತ್ತೆ ಮತ್ತೆ ಸುಟ್ಟು ದಿಬ್ಬವಾಗಿದೆ. ಯಾಕೆ ಸುಟ್ಟರು? ಹಬ್ಬಕ್ಕೋ, ರೋಗ ಕಳೆಯಲೋ? ಒಳ್ಳೆಯ ಉಪನ್ಯಾಸಕ ಇಲ್ಲಿ ದನಿ ತಗ್ಗಿಸುತ್ತಾನೆ, ‘ಇರಬಹುದು’ ಎನ್ನುತ್ತಾನೆ. ಪ್ರವಚನದ ಕಿವಿಗೆ ಇದು ಅಳುಕಿನಂತೆ ಕೇಳುತ್ತದೆ. ಗೊರಸಿನ ಗುರುತಿಗೆ ‘ಇದೆ’, ಹಬ್ಬಕ್ಕೆ ‘ಇರಬಹುದು’ ಎಂದು ಬೇರೆ ಬೇರೆ ಮಾಡಿ ಹೇಳುವವನನ್ನೇ ನಂಬಬೇಕು. ಎಲ್ಲಕ್ಕೂ ಒಂದೇ ಗಟ್ಟಿದನಿ ಇದ್ದರೆ ಅನುಮಾನಿಸಿ.

ಮಸ್ಕಿಯ ವಿಷಯದಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ಮಾಡಬಹುದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿ ಅಶೋಕನ ಶಾಸನ ಕಂಡ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಸಿಕ್ಕಿದ್ದು ಆಗಲೇ ಮೊದಲು. ‘ಹೆಸರಿರುವ ಶಾಸನ ಇದೊಂದೇ’ ಎಂದು ಇವತ್ತಿಗೂ ಹೇಳುವವರಿದ್ದಾರೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂ, ಮಧ್ಯಪ್ರದೇಶದ ಗುಜರ್ರಾ ಶಾಸನಗಳಲ್ಲೂ ಆ ಹೆಸರಿದೆ. ‘ಮೊದಲು’ ಎನ್ನಬೇಕಾದಲ್ಲಿ ‘ಒಂದೇ’ ಎಂದವರು ಉಳಿದದ್ದನ್ನೂ ಹಳೆಯ ಪುಸ್ತಕದಿಂದಲೇ ಎತ್ತಿರುತ್ತಾರೆ. ಬೀಡನ್ ಹುಡುಕುತ್ತಿದ್ದದ್ದು ಚಿನ್ನವನ್ನು ಎಂಬುದೂ ನೆನಪಿರಲಿ. ಹಟ್ಟಿಯಿಂದ ಮಸ್ಕಿಯವರೆಗೆ ಹರಡಿದ ಆ ಹಳೆಯ ಶಿಲೆಯ ಪಟ್ಟಿಯಲ್ಲಿ ಚಿನ್ನವಿದೆ. ಮೌರ್ಯರು ಇಷ್ಟು ದೂರ ಬಂದದ್ದೂ ಅದಕ್ಕೇ ಇರಬಹುದೇ? ಅಲ್ಲಿಗೆ ಬಂದಾಗ ಭೂವಿಜ್ಞಾನದ ಉಪನ್ಯಾಸ ಯಾವುದು, ಚರಿತ್ರೆಯದು ಯಾವುದು ಎಂದು ಬೇರ್ಪಡಿಸಲಾಗದು. ಎರಡೂ ವಿಷಯಗಳ ಉಪನ್ಯಾಸ ಕೇಳಿ ಎನ್ನುವುದು ಈ ಕಾರಣಕ್ಕೆ.

ವಿಜ್ಞಾನದ ಉಪನ್ಯಾಸ ಕೇಳುವಾಗ ಚಿತ್ರ ಕಾಣಲೇಬೇಕು, ಮಡಿಲಲ್ಲಿಟ್ಟ ಫೋನಿನ ಬರೀ ದನಿ ಸಾಲದು. ಗುಂಡುಬಂಡೆ ಈರುಳ್ಳಿಯಂತೆ ಪದರಪದರವಾಗಿ ಸುಲಿಯುವುದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಅರ್ಧವೇ. ಶಾಸನಪಾಠವಾದರೆ ದನಿ ಸಾಕು, ಪಕ್ಕದಲ್ಲಿ ಹಾಳೆ ಪೆನ್ನು ಇರಲಿ. ನೆಟ್ ಕೈಕೊಟ್ಟರೆ ರೆಕಾರ್ಡಿಂಗ್ ಇದ್ದೇ ಇರುತ್ತದೆ, ಆದರೆ ಅದರಲ್ಲಿ ಪ್ರಶ್ನೆ ಕೇಳಲಾಗದು.

ಪ್ರಶ್ನೆಗೆ ಹಿಂಜರಿಯಬೇಡಿ, ಚಾಟ್‌ನಲ್ಲಿ ಕನ್ನಡದಲ್ಲೇ ಬರೆಯಿರಿ. ‘ನಮ್ಮ ಊರಿನ ಹಿರಿಮೆ ಯಾಕೆ ಹೇಳಲಿಲ್ಲ?’ ಎಂಬುದು ಪ್ರಶ್ನೆಯಲ್ಲ, ಎಲ್ಲ ಸಭೆಗಳಲ್ಲೂ ಬರುವ ತಕರಾರು. ದನ ಕಟ್ಟಿದ ಮನೆಯವರು ಬೇರೆಯದನ್ನು ಕೇಳಬಹುದು: ಒಣಗಿದ ಸಗಣಿ ಸುಟ್ಟರೆ ಹಗುರ ಬೂದಿಯಾಗುತ್ತದೆ, ಬೂದಿದಿಬ್ಬದಲ್ಲಿ ಕರಗಿ ಗಟ್ಟಿಯಾದ ಹೆಂಟೆಗಳೂ ಇವೆಯಲ್ಲ ಸರ್, ಅಷ್ಟು ಕಾವು ಎಲ್ಲಿಂದ ಬಂತು? ಉಪನ್ಯಾಸಕರು ಇದನ್ನು ಓದಿ ಒಂದು ಕ್ಷಣ ಸುಮ್ಮನಾದರೆ ಲಿಂಕ್ ಮುಚ್ಚಬೇಡಿ, ಎರಡು ಗಂಟೆ ದಾಟಿದರೂ ಸರಿ.