ಸುಣ್ಣದ ಪಂಚಾಂಗ, ಪ್ಲಾಸ್ಟಿಕ್ ಬಣ್ಣ

ದೀಪಾವಳಿ ಹತ್ತಿರ ಬಂತೆಂದರೆ ಭಾಗ್ಯನಗರದ ಓಣಿಗಳಲ್ಲಿ ಮನೆಯ ಸಾಮಾನೆಲ್ಲ ಕಟ್ಟೆಗೆ ಬರುತ್ತದೆ, ಗೋಡೆಗೆ ಬಣ್ಣ ಏರುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದೇ ಬಣ್ಣ ಹಪ್ಪಳದಂತೆ ಉಬ್ಬಿರುತ್ತದೆ. ಕಪಾಟು ಸರಿಸಿದರೆ ಹಿಂದೆ ಕರಿ ಚುಕ್ಕೆ, ಮೂಗಿಗೆ ಬೂಷ್ಟಿನ ವಾಸನೆ. ಬಣ್ಣ ಹಚ್ಚಿದವರನ್ನು ಎಲ್ಲರೂ ಬೈಯುತ್ತಾರೆ. ನನ್ನ ತಕರಾರು ಮಾತ್ರ ನಮ್ಮ ರೂಢಿಯ ಮೇಲೆ.

ಈ ರೂಢಿ ಹುಟ್ಟಿದ್ದು ಸುಣ್ಣದ ಕಾಲದಲ್ಲಿ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನ ಸುಮಾರಿಗೆ. ಅದು ಮುಗಿದು ಗೋಡೆ ಇನ್ನೂ ಹಸಿಯಿರುವಾಗಲೇ ಹಬ್ಬ ಬರುತ್ತದೆ. ಸುಣ್ಣಕ್ಕೆ ಆ ಹಸಿಯೇ ಬೇಕು. ಒಣ ಗೋಡೆಗೆ ನೀರು ಚಿಮುಕಿಸಿ ಹಚ್ಚುವ ವಸ್ತು ಅದು. ಹೊಸ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಷ್ಟು ಬೇರೂರದು. ಗೋಡೆಯೊಳಗಿನ ತೇವವೂ ಸುಣ್ಣದ ಪದರ ದಾಟಿ ಆವಿಯಾಗಿ ಹೋಗುತ್ತದೆ. ಗಾಳಿ ತಾಗುತ್ತ ತಾಗುತ್ತ ಆ ಕ್ಷಾರ ಕ್ಷೀಣಿಸುವುದರಿಂದ ವರ್ಷಕ್ಕೊಮ್ಮೆ ಮತ್ತೆ ಹಚ್ಚುವುದು ಬರೀ ಶೃಂಗಾರವಾಗಿರಲಿಲ್ಲ, ಗೋಡೆಯ ಆರೈಕೆಯಾಗಿತ್ತು.

ಈಗ ಸುಣ್ಣ ಹೋಗಿದೆ, ಪಂಚಾಂಗ ಉಳಿದಿದೆ. ಪುಟ್ಟಿ ಮತ್ತು ಪ್ಲಾಸ್ಟಿಕ್ ಬಣ್ಣಕ್ಕೆ ಚೆನ್ನಾಗಿ ಒಣಗಿದ ಗೋಡೆ ಬೇಕು. ನಾವು ಹಚ್ಚುವುದು ವರ್ಷದಲ್ಲೇ ಗೋಡೆ ಹೆಚ್ಚು ನೆನೆದಿರುವ ತಿಂಗಳಲ್ಲಿ. ಒಳಗೆ ಸಿಕ್ಕ ನೀರು ಹೊರದಾರಿ ಹುಡುಕುತ್ತ ಬಣ್ಣವನ್ನೇ ಎತ್ತುತ್ತದೆ.

ಹಳೆಯ ಮಾಳಿಗೆ ಮನೆಯ ಎರಡನೆಯ ಗುಣ ಬೆಳಕಿಂಡಿ. ಒಲೆಯ ಹೊಗೆ, ಅನ್ನದ ಹಬೆ, ಮಲಗಿದವರ ಉಸಿರಿನ ಕಾವು ಎಲ್ಲಕ್ಕೂ ನೆತ್ತಿಯಲ್ಲಿ ಒಂದು ದಾರಿಯಿತ್ತು. ಆ ಮನೆಗಳಲ್ಲಿ ಕುಂದಿರಲಿಲ್ಲ ಎನ್ನಲಾರೆ. ಮೇಲುಮಣ್ಣು ಸರಿಪಡಿಸದಿದ್ದ ವರ್ಷ ಮನೆ ಸೋರುತ್ತಿತ್ತು, ಹೊಗೆಯಲ್ಲಿ ಹೆಣ್ಣುಮಕ್ಕಳ ಕಣ್ಣು ಬೇಯುತ್ತಿತ್ತು. ಆರ್‌ಸಿಸಿ ಚಾವಣಿ ಆ ಕಷ್ಟ ಕಳೆಯಿತು, ಜೊತೆಗೆ ನೆತ್ತಿಯ ದಾರಿಯನ್ನೂ ಮುಚ್ಚಿತು.

ಚಳಿಗಾಲದಲ್ಲಿ ಅದರ ಫಲ ಕಾಣುತ್ತದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ತಣ್ಣನೆಯ ಮೈಗೆ ತಾಗಿದ ಗಾಳಿ ಉಳಿದದ್ದನ್ನು ಅಲ್ಲೇ ಇಳಿಸುತ್ತದೆ. ಲಂಡನ್ನಿನಲ್ಲಿರುವ ನಮ್ಮವರ ಮನೆಯಲ್ಲಿ ಕಿಟಕಿಯ ಗಾಜು ಬೆವರುವುದು ಹೀಗೆಯೇ. ನಮ್ಮ ಒಣ ಹವೆಯಲ್ಲಿ ಗಾಜು ಅಷ್ಟು ಬೆವರದು, ಬೆವರುವುದು ಬಚ್ಚಲು ಮತ್ತು ತಗಡು. ಮುಗಿಲು ತಿಳಿಯಾದ ರಾತ್ರಿ ತಗಡು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ಹೊರಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನವರ ಉಸಿರು ನಸುಕಿನಲ್ಲಿ ಹನಿಯಾಗಿ ಅವರ ಮೇಲೆಯೇ ತೊಟ್ಟಿಕ್ಕುತ್ತದೆ. ಅದನ್ನು ಸೋರಿಕೆಯೆಂದು ತಿಳಿದು ತಗಡಿಗೆ ಡಾಂಬರು ಬಳಿದರೆ ದುಡ್ಡು ದಂಡ.

ನೇಕಾರರ ಮನೆಯಲ್ಲಿ ಈ ತೊಡಕು ಇನ್ನೂ ಬಿಗಿ. ಹತ್ತಿ ನೂಲಿಗೆ ತುಸು ತಂಪು ಬೇಕು, ಒಣಗಿದ ಎಳೆ ಕಡಿಯುತ್ತದೆ. ಆದರೆ ಹಾಸಿನ ಎಳೆಗೆ ಹಾಕಿದ ಗಂಜಿಯೇ ಬೂಷ್ಟಿಗೆ ಊಟ. ಮಗ್ಗ ಬಯಸುವ ತಂಪು ಮಗ್ಗದ ಕೋಣೆಯಲ್ಲಿರಲಿ. ನೇಯ್ದ ಸೀರೆ ಮತ್ತು ಮಕ್ಕಳ ಹಾಸಿಗೆ ಬೇರೆ, ಒಣ ಕೋಣೆಯಲ್ಲಿರಬೇಕು.

ಇದು ಅಂದಚಂದದ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಒಬ್ಬ ತಂದೆ 2017ರಲ್ಲಿ ಬೂಷ್ಟಿನ ಬಗ್ಗೆ ದೂರಿದಾಗ ಸಿಕ್ಕ ಸಲಹೆ, ಮೇಲೆ ಬಣ್ಣ ಬಳಿಯಿರಿ ಎಂಬುದು. 2020ರಲ್ಲಿ ಆತನ ಎರಡು ವರ್ಷದ ಮಗ ಉಸಿರಾಟದ ತೊಂದರೆಯಿಂದ ತೀರಿಕೊಂಡ. ಅದಕ್ಕೆ ಮನೆಯ ಬೂಷ್ಟೇ ಕಾರಣವೆಂದು 2022ರ ವಿಚಾರಣೆ ಹೇಳಿತು. ಆ ಸಲಹೆಯನ್ನು ನಾವು ಯಾರೂ ಹೇಳದೆಯೇ ವರ್ಷ ವರ್ಷ ಪಾಲಿಸುತ್ತಿದ್ದೇವೆ.

ಬ್ಲೀಚಿಂಗ್ ಪುಡಿಯಿಂದ ತಿಕ್ಕುವುದಕ್ಕೂ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಚುಕ್ಕೆ ಹೋಗುತ್ತದೆ, ತೇವ ಉಳಿಯುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಅದಕ್ಕೆ ಕೂಡಿದರಂತೂ ವಿಷದ ಕ್ಲೋರಿನ್ ಏಳುತ್ತದೆ. ಕೈಯಲ್ಲಿ ಉಜ್ಜಿದರೆ ಉದುರಿ ನೀರಿನಲ್ಲಿ ಕರಗುವ ಬಿಳಿ ಪುಡಿ ಬೂಷ್ಟಲ್ಲ, ನೆಲದಿಂದ ಗೋಡೆಗೇರಿದ ಸವಳು. ಅದಕ್ಕೆ ಮದ್ದು ಬುನಾದಿಯಲ್ಲಿದೆ.

ಆದ್ದರಿಂದ ನನ್ನ ತೀರ್ಪು: ಹಬ್ಬಕ್ಕೆ ಬಣ್ಣ ಬೇಕೆನ್ನುವವರು ಸುಣ್ಣ ಹಚ್ಚಲಿ. ಪ್ಲಾಸ್ಟಿಕ್ ಬಣ್ಣವೇ ಬೇಕಾದವರು ಸೋರಿಕೆ ಸರಿಪಡಿಸಿ, ಗೋಡೆ ಒಣಗಲು ಬಿಟ್ಟು, ಯುಗಾದಿಯ ಮುಂಚೆ ಹಚ್ಚಲಿ. ಚಳಿಗಾಲದ ಮಧ್ಯಾಹ್ನ ನಮ್ಮ ಹೊರಗಾಳಿ ಒಣಗಿರುತ್ತದೆ, ಎದುರುಬದುರು ಕಿಟಕಿ ತೆರೆಯಲು ಅದೇ ಸರಿಯಾದ ಹೊತ್ತು. ಕಪಾಟು ಗೋಡೆಯಿಂದ ಒಂದು ಗೇಣು ಮುಂದಿರಲಿ. ಹೊಸ ಮನೆ ಕಟ್ಟುವವರು ಅಡಿಗೆಮನೆ, ಬಚ್ಚಲುಗಳ ಗೋಡೆಯ ನೆತ್ತಿಯಲ್ಲಿ ಒಂದು ಕಿಂಡಿ ಬಿಡಲಿ. ಅಜ್ಜಂದಿರು ಮನೆಯ ಉಸಿರಿಗೆ ಬಿಟ್ಟಿದ್ದ ಜಾಗ ಅದು.