ಪುಟ್ಮಲ್ಲಿ ಮತ್ತು ಗುಲಾಬಿ

ವಾಡಿ ಹತ್ರದ ನಮ್ಮ ಊರಿನ ಓಣಿಯಾಗ ಆಗ ಟಿವಿ ಇದ್ದದ್ದು ಒಂದೇ ಮನಿಯಾಗ, ಖಾಲಾನ ಮನಿಯಾಗ. ಭಾನುವಾರ ಸಿನೆಮಾ ಅಂದ್ರೆ ಅರ್ಧ ಓಣಿ ಆಕಿ ಮನಿ ಪರಸಿ ಹಾಸಿನ ಮ್ಯಾಲೆ ಕೂತಿರ್ತಿತ್ತು. 'ಪುಟ್ನಂಜ' ನೋಡಿದ್ದೂ ಅಲ್ಲೇ. ಪುಟ್ಮಲ್ಲಿ ಅಜ್ಜಿ ಬಾಯಿ ತೆಗೆದರೆ ನಾವು ಹುಡುಗರು ಬಿದ್ದು ಬಿದ್ದು ನಗ್ತಿದ್ವಿ. ನಮ್ಮವ್ವ ಮಾತ್ರ, 'ಇಕಿ ಖರೇ ಮುದುಕಿ ಅಲ್ಲಪ್ಪ' ಅಂದಿದ್ದಳು. ನಾನು ನಂಬಿರಲಿಲ್ಲ.

ಅವ್ವ ಹೇಳಿದ್ದು ಖರೇ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ. 1995ರ ಆ ಸಿನೆಮಾದಲ್ಲಿ ಅಜ್ಜಿಯಾದಾಗ ನಲವತ್ತೂ ತುಂಬಿರಲಿಲ್ಲ. ಮೊಮ್ಮಗನಾಗಿದ್ದ ರವಿಚಂದ್ರನ್ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು!

ಮುದುಕಿಯ ಪಾತ್ರ ಅವರಿಗೆ ಹೊಸದಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿಜಿಕೆ ರಂಗಕ್ಕೆ ತಂದಾಗ, ಕಳೆದುಹೋದ ಹುಂಜ ಹುಡುಕುವ ಸಾಕವ್ವ ಇವರೇ. ಆ ನಾಟಕ ನೋಡುವ ಭಾಗ್ಯ ನನಗಿಲ್ಲ. ನೋಡಿದವರು ಇವತ್ತಿಗೂ ಸಾಕವ್ವ ಅಂದ್ರೆ ಉಮಾಶ್ರೀ ಅಂತಾರೆ. ಆ ಬಾಯಿ, ಆ ಬೈಗುಳದ ಹಿಂದೆ ಒಂದು ಮನೆಯ ಹಸಿವಿತ್ತು. ನನ್ನ ತಕರಾರು ಇಷ್ಟೇ: ನಮ್ಮ ಸಿನೆಮಾ ಆ ಬಾಯಿಯನ್ನಷ್ಟೇ ತಗೊಂಡು ಹಸಿವನ್ನು ಅಲ್ಲೇ ಬಿಟ್ಟುಬಂತು. 1984ರ 'ಅನುಭವ'ದ ನಂತರ ಅವರಿಗೆ ಸಿಕ್ಕ ಎಷ್ಟೋ ಕಾಮಿಡಿ ಪಾತ್ರಗಳನ್ನು ಇವತ್ತು ಕೂತು ನೋಡೋಕಾಗಲ್ಲ. ಗದ್ದಲ ಜಾಸ್ತಿ, ಮನುಷ್ಯಳು ಕಡಿಮೆ.

2008ರಲ್ಲಿ ಗಿರೀಶ ಕಾಸರವಳ್ಳಿ 'ಗುಲಾಬಿ ಟಾಕೀಸ್'ನಲ್ಲಿ ಆ ಬಾಯಿಯ ಅಬ್ಬರವನ್ನೇ ತೆಗೆದರು. ವೈದೇಹಿಯವರ ಕತೆಯಿಂದ ಹುಟ್ಟಿದ ಸಿನೆಮಾ. ಗುಲಾಬಿ ಕುಂದಾಪುರದ ಕಡೆಯ ಸೂಲಗಿತ್ತಿ, ಸಿನೆಮಾ ಹುಚ್ಚಿನಾಕಿ. ಅವಳ ಮನೆಗೆ ಕಲರ್ ಟಿವಿ ಬರುತ್ತದೆ, ನೋಡಲು ಹೆಂಗಸರು ಬರುತ್ತಾರೆ. ಕೆಲವರು ಬರುವುದಿಲ್ಲ, ಯಾಕಂದ್ರೆ ಅವಳು ಮುಸ್ಲಿಂ. ನೇತ್ರು ಎಂಬ ಗೆಳತಿ ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ. ಕೊನೆಗೆ ಊರೇ ಅವಳನ್ನು ದೋಣಿ ಹತ್ತಿಸುತ್ತದೆ. ಇಲ್ಲಿ ಉಮಾಶ್ರೀ ಮಾತಿಗಿಂತ ಹೆಚ್ಚಾಗಿ ನೋಟದಲ್ಲೇ ನಟಿಸುತ್ತಾರೆ. ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ.

ಬೆಂಗಳೂರಿನ ರೂಮಿನಲ್ಲಿ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡುವಾಗ ಖಾಲಾ ನೆನಪಾದಳು. ವರ್ಷಗಟ್ಟಲೆ ಆಕಿ ಮನಿಯಾಗ ಸಿನೆಮಾ ನೋಡಿದ್ವಿ, ಒಂದು ದಿನವೂ ನೀರು ಕುಡಿಯಲಿಲ್ಲ. ಬಾಯಾರಿದರೆ ಅವ್ವ 'ಮನಿಗೆ ಹೋಗಿ ಕುಡಿ' ಅಂತಿದ್ದಳು. ಖಾಲಾಗೂ ಅದು ಕೇಳಿಸ್ತಿತ್ತು. ನಮ್ಮನಿಗೆ ಟಿವಿ ಬಂದ ಮ್ಯಾಲೆ ಅಲ್ಲಿಗೆ ಹೋಗೋದನ್ನೇ ಬಿಟ್ವಿ.

ಪುಟ್ಮಲ್ಲಿಗೆ ಈಗಲೂ ನಗ್ತೀನಿ, ಸುಳ್ಳು ಯಾಕೆ. ನೀವೂ ನಗ್ರಿ. ಆದ್ರೆ ಅದೇ ವಾರ ಗುಲಾಬಿಯನ್ನೂ ನೋಡ್ರಿ.