ಗ್ರಂಥನಾಶ ಮತ್ತು ಪತ್ತೇದಾರಿ: ‘ದ ನೇಮ್ ಆಫ್ ದ ರೋಸ್’

ಇಟಲಿಯ ಸಂಜ್ಞಾಶಾಸ್ತ್ರಜ್ಞ ಉಂಬರ್ಟೊ ಎಕೊ (1932–2016) ಅವರ ಪ್ರಥಮ ಕಾದಂಬರಿ 1980ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟವಾಯಿತು. 1983ರಲ್ಲಿ ವಿಲಿಯಂ ವೀವರ್ ಅವರು ಮಾಡಿದ ಅನುವಾದದಿಂದ ‘ದ ನೇಮ್ ಆಫ್ ದ ರೋಸ್’ ಎಂಬ ಹೆಸರಿನಲ್ಲಿ ಇಂಗ್ಲಿಷ್ ಓದುಗರನ್ನು ತಲುಪಿತು. 1327ರ ನವೆಂಬರ್ ತಿಂಗಳ ಏಳು ದಿನಗಳು. ಉತ್ತರ ಇಟಲಿಯ ಒಂದು ಬೆನೆಡಿಕ್ಟೈನ್ ಮಠ. ಒಬ್ಬರ ಬಳಿಕ ಒಬ್ಬರಾಗಿ ಸಾಯುವ ಸಂನ್ಯಾಸಿಗಳು. ಕಾರಣವನ್ನರಸುವ ಫ್ರಾನ್ಸಿಸ್ಕನ್ ವಿಲಿಯಂ ಮತ್ತು ಅವನ ಕಿರಿಯ ಶಿಷ್ಯ ಅಡ್ಸೊ: ಇದು ಕಥೆಯ ಹಂದರ. ಸಾವುಗಳ ಮೂಲವಿರುವುದು ಗ್ರಂಥಭಂಡಾರದಲ್ಲಿ. ಅರಿಸ್ಟಾಟಲನ ಕಾವ್ಯಮೀಮಾಂಸೆಯ ಎರಡನೆಯ ಭಾಗ, ಲೋಕಕ್ಕೆ ನಷ್ಟವಾದ ಹಾಸ್ಯವಿಚಾರ, ಅಲ್ಲಿ ಏಕೈಕ ಪ್ರತಿಯಾಗಿ ಉಳಿದಿದೆಯೆಂಬುದು ಕಾದಂಬರಿಕಾರರ ಕಲ್ಪನೆ.

ಹಸ್ತಪ್ರತಿಗಳ ಅಭ್ಯಾಸಿಗೆ ಈ ಕೃತಿ ನೀಡುವ ಸಂತೋಷ ಸಾಮಾನ್ಯವಾದುದಲ್ಲ. ಇಲ್ಲಿ ಗ್ರಂಥಸೂಚಿಯ ನಮೂದೇ ಮುಖ್ಯ ಸುಳಿವು. ಹುಡುಕುತ್ತಿರುವುದು ಗ್ರೀಕ್ ಕೃತಿಯಾದ್ದರಿಂದ, ಅರಬ್ಬಿಯಲ್ಲಿ ಆರಂಭವಾಗುವ ಸಂಪುಟವೊಂದನ್ನು ಗುರುಶಿಷ್ಯರು ಕೈಬಿಡುತ್ತಾರೆ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರಬಹುದೆಂಬುದು ತಡವಾಗಿ ಹೊಳೆಯುತ್ತದೆ. ಮೊದಲ ಪುಟವನ್ನಷ್ಟೇ ನೋಡಿ ಕಟ್ಟಿಗೆ ಹೆಸರಿಟ್ಟವರಿಗೆಲ್ಲ ಈ ಪ್ರಮಾದ ಪರಿಚಿತವೇ. ಕಾಗದದ ಮೃದುತ್ವ, ಅಂಟಿಕೊಂಡ ಹಾಳೆಗಳು, ಅವನ್ನು ಬಿಡಿಸಲು ಬೆರಳನ್ನು ನಾಲಿಗೆಗೆ ತಾಗಿಸುವ ಓದುಗನ ರೂಢಿ ಇವೂ ಕಥೆಯ ಗತಿಯನ್ನು ನಿರ್ಧರಿಸುತ್ತವೆ.

ಆದರೆ ಇಷ್ಟರಿಂದ ಕೃತಿ ನಿರ್ದೋಷವೆನ್ನಲಾಗದು. ಸುಮಾರು ಐನೂರು ಪುಟಗಳಲ್ಲಿ ಕ್ರಿಸ್ತನ ಅಪರಿಗ್ರಹವನ್ನು ಕುರಿತ ವಾಗ್ವಾದಗಳೂ ಉದ್ದುದ್ದ ಪಟ್ಟಿಗಳೂ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಮಠವನ್ನು ಪ್ರವೇಶಿಸುವವನು ಅದರ ಗತಿಗೆ ಹೊಂದಿಕೊಳ್ಳಬೇಕೆಂಬುದು ಎಕೊ ಅವರ ಸಮರ್ಥನೆ. ಅದು ಅರ್ಧ ಮಾತ್ರ ಒಪ್ಪತಕ್ಕದ್ದು. ಮುನ್ನುಡಿಯಲ್ಲಿ ಅಡ್ಸೊನ ಬರಹಕ್ಕೆ ಲ್ಯಾಟಿನ್ ಮೂಲ, 17ನೆಯ ಶತಮಾನದ ಮುದ್ರಣ, 1842ರ ಫ್ರೆಂಚ್ ಅನುವಾದ ಎಂಬ ಪಾಠಪರಂಪರೆಯನ್ನು ಚಮತ್ಕಾರದಿಂದ ಕಲ್ಪಿಸಲಾಗಿದೆ. ಕಥನ ಆರಂಭವಾದ ಮೇಲೆ ಅದು ಬಹುಮಟ್ಟಿಗೆ ಮರೆಯಾಗುತ್ತದೆ. ಇಷ್ಟು ಕೈಗಳನ್ನು ದಾಟಿ ಬಂದ ಪಾಠ ಇಷ್ಟು ಅಕ್ಷತವಾಗಿರುವುದು ಸಹಜವಲ್ಲ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಮತ್ತೊಂದಿದೆ. ಪತ್ತೇದಾರಿ ಕಥೆಗೆ ಒಬ್ಬ ಅಪರಾಧಿ ಬೇಕು. ಇಲ್ಲಿ ನಗುವನ್ನು ದ್ವೇಷಿಸುವ ಕುರುಡ ವೃದ್ಧನೊಬ್ಬ ಆ ಸ್ಥಾನವನ್ನು ತುಂಬುತ್ತಾನೆ. ವಾಸ್ತವದಲ್ಲಿ ಗ್ರಂಥಗಳು ಹೆಚ್ಚಾಗಿ ಅಪರಾಧಿಯಿಲ್ಲದೆಯೇ ಸಾಯುತ್ತವೆ. ತೇವ, ಹುಳು, ಅನಾದರ, ಮತ್ತೊಂದು ಪ್ರತಿ ಮಾಡಿಸದ ಉದಾಸೀನ ಇವುಗಳಿಗೆ ಮುಖವಿಲ್ಲ. ದ್ವೇಷವನ್ನೇ ಕಾರಣವಾಗಿ ಕಂಡ ಓದುಗ ಉದಾಸೀನದ ಪಾಪದಿಂದ ತಾನು ಮುಕ್ತನೆಂದು ಭಾವಿಸುವ ಅಪಾಯವಿದೆ.

ಆದರೂ ಕೃತಿಯ ಕೊನೆ ಈ ಮಿತಿಯನ್ನು ಮೀರುತ್ತದೆ. ಭಂಡಾರ ಬೆಂದುಹೋಗಿ ವರ್ಷಗಳಾದ ಮೇಲೆ ಅಡ್ಸೊ ಮರಳಿ ಬಂದು ಚರ್ಮಪತ್ರದ ಚೂರುಗಳನ್ನು ಆಯ್ದುಕೊಳ್ಳುತ್ತಾನೆ. ಅವು ಯಾವ ಗ್ರಂಥಗಳಿಗೆ ಸೇರಿದವೆಂದು ಗುರುತಿಸುವುದರಲ್ಲಿ ದೀರ್ಘಕಾಲ ಕಳೆಯುತ್ತಾನೆ. ಅಪರಾಧಿಯೂ ಇಲ್ಲದ, ಪತ್ತೆಯೂ ಇಲ್ಲದ ಆ ಕೆಲವೇ ಪುಟಗಳಲ್ಲಿ ಗ್ರಂಥಪ್ರೀತಿ ಶುದ್ಧರೂಪದಲ್ಲಿ ಗೋಚರಿಸುತ್ತದೆ. ದೀರ್ಘವಾದ ಓದಿನ ಶ್ರಮ ಅಲ್ಲಿ ಸಾರ್ಥಕವಾಗುತ್ತದೆ.